ರಾವಣನಿಗೆ ವಿದ್ಯೆ ಒಲಿದದ್ದು ಹೇಗೆ?

ಭೀಮಾರಣ್ಯದಲ್ಲಿ ಮೂವರು ಅಣ್ಣತಮ್ಮಂದಿರು ಜಪಕ್ಕೆ ಕುಳಿತಿದ್ದಾರೆ. ಹಿರಿಯವನು ದಶಮುಖ, ನಡುವಿನವನು ಕುಂಭಕರ್ಣ, ಕಿರಿಯವನು ವಿಭೀಷಣ. ಅವರಿಗೆ ಬೇಕಾದದ್ದು ಮೋಕ್ಷವಲ್ಲ, ವಿದ್ಯೆ. ಆಕಾಶದಲ್ಲಿ ಹಾರುವ, ರೂಪ ಬದಲಿಸುವ, ವೈರಿಯನ್ನು ನಿದ್ದೆಗೆ ಕೆಡಹುವ ವಿದ್ಯೆ. ಜಂಬೂದ್ವೀಪದ ಒಡೆಯನಾದ ಯಕ್ಷನಿಗೆ ಇದು ಸೇರುವುದಿಲ್ಲ. ಮೊದಲು ಸುಂದರಿಯರನ್ನು ಕಳಿಸುತ್ತಾನೆ, ಆಮೇಲೆ ಹಾವು ಹುಲಿಗಳನ್ನು ತೋರಿಸುತ್ತಾನೆ. ತಂದೆ ತಾಯಿಯನ್ನು ಕಟ್ಟಿ ಎಳೆತಂದು ಹಿಂಸಿಸಿದಂತೆ ಕಣ್ಕಟ್ಟು ಮಾಡುತ್ತಾನೆ. ಮೂವರೂ ಅಲುಗುವುದಿಲ್ಲ. ಕೊನೆಗೆ ಯಕ್ಷ, ದಶಮುಖನ ತಲೆ ಕಡಿದು ತಮ್ಮಂದಿರ ಮುಂದೆ ಎಸೆದಂತೆಯೂ, ತಮ್ಮಂದಿರ ತಲೆ ಕಡಿದು ಅಣ್ಣನ ಮುಂದೆ ಎಸೆದಂತೆಯೂ ಮಾಯೆ ಒಡ್ಡುತ್ತಾನೆ. ಅಣ್ಣನ ತಲೆ ಕಂಡ ತಮ್ಮಂದಿರ ಮನಸ್ಸು ಒಂದಿಷ್ಟು ಕದಲಿತು. ಅಣ್ಣ ಕದಲಲಿಲ್ಲ.

ಫಲ ಅದಕ್ಕೆ ತಕ್ಕಂತೆ ಬಂತು. ದಶಮುಖನಿಗೆ 1000 ವಿದ್ಯೆ, ಕುಂಭಕರ್ಣನಿಗೆ 5, ವಿಭೀಷಣನಿಗೆ 4. ಹನ್ನೆರಡನೆಯ ಶತಮಾನದಲ್ಲಿ ಗುಜರಾತಿನ ಹೇಮಚಂದ್ರಾಚಾರ್ಯ ಕೊಟ್ಟಿರುವ ಲೆಕ್ಕ ಇದು. ತಮ್ಮಂದಿರು ನಡುಗಿದ್ದು ಹೇಡಿತನದಿಂದಲ್ಲ, ಅಣ್ಣನ ಮೇಲಿನ ಭಕ್ತಿಯಿಂದ ಎಂದು ಹೇಳಲು ಅವನು ಮರೆಯುವುದಿಲ್ಲ. ಪ್ರೀತಿ ಇದ್ದವರಿಗೆ ವಿದ್ಯೆ ಕಡಿಮೆ ಸಿಕ್ಕಿತು. ಈ ಲೆಕ್ಕವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ವಾಲ್ಮೀಕಿಯ ಕಥೆಯನ್ನಷ್ಟೇ ಕೇಳಿ ಬೆಳೆದವರಿಗೆ ಇದು ಹೊಸದಾಗಿ ಕಾಣಬಹುದು. ಚಿಕ್ಕೋಡಿ, ರಾಯಬಾಗ, ಅಥಣಿ, ಈಚೆಗೆ ತಾಲ್ಲೂಕುಗಳಾದ ನಿಪ್ಪಾಣಿ ಮತ್ತು ಕಾಗವಾಡ, ಈ ಐದು ಸೀಮೆಗಳ ಅನೇಕ ಒಕ್ಕಲು ಮನೆಗಳಿಗೆ ಹೊಸದಲ್ಲ. ದೂಧಗಂಗಾ, ವೇದಗಂಗಾ, ಕೃಷ್ಣೆಯರ ದಂಡೆಗುಂಟ ಜೈನ ರೈತರ ಊರುಗಳು ದಟ್ಟವಾಗಿವೆ. ಆಚಾರ್ಯ ಶಾಂತಿಸಾಗರರ ಊರು ಭೋಜ, ಆಚಾರ್ಯ ವಿದ್ಯಾಸಾಗರರು ಹುಟ್ಟಿದ ಸದಲಗಾ, ಆಚಾರ್ಯ ವಿದ್ಯಾನಂದರು ಹುಟ್ಟಿದ ಶೇಡಬಾಳ, ಮೂರೂ ಇದೇ ಪಟ್ಟಿಯಲ್ಲಿವೆ. ನಿಪ್ಪಾಣಿ ಹತ್ತಿರದ ಸ್ತವನಿಧಿಯಲ್ಲಿ ಪಾರ್ಶ್ವನಾಥನ ಜೊತೆಗೆ ಕ್ಷೇತ್ರಪಾಲ ಬ್ರಹ್ಮದೇವನಿಗೂ ನಡೆದುಕೊಳ್ಳುವವರು ಗಡಿಯ ಎರಡೂ ಕಡೆಯಿಂದ ಬರುತ್ತಾರೆ. ಚಾತುರ್ಮಾಸದಲ್ಲಿ ಬಸದಿಯಲ್ಲಿ ಪುರಾಣ ಓದಿಸಿ ಕೇಳುವ ರೂಢಿ ಹಳೆಯದು. ಆ ಪುರಾಣದಲ್ಲಿ ರಾವಣ ರಾಕ್ಷಸನಲ್ಲ, ಮನುಷ್ಯ. ಮಂತ್ರಬಲ ಸಂಪಾದಿಸಿಕೊಂಡ ಮನುಷ್ಯ. ಅಂಥವರಿಗೆ ವಿದ್ಯಾಧರರೆಂದು ಹೆಸರು.

ಈ ವಿದ್ಯಾಧರರನ್ನು ಇಂದು ಮತ್ತೆ ನೆನೆಯಲು ಒಂದು ಕಾರಣವಿದೆ. 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟ ಹೊರಬಂತು. ರೂಪಿಸಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ನಾಲ್ಕಾರು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಕಥೆ ನಡೆಸುವವನು, ಅವನೇ ಪಂಚ. ಉಳಿದವರು ಒಂದೊಂದು ಪಾತ್ರ ಕಟ್ಟಿಕೊಂಡು, ಆ ಪಾತ್ರವಾಗಿಯೇ ಮಾತನಾಡುತ್ತ ಕಥೆಯನ್ನು ಮುಂದೆ ಒಯ್ಯುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಸಂದೇಹ ಬಂದಲ್ಲಿ ಇಪ್ಪತ್ತು ಮುಖದ ದಾಳ ಉರುಳಿಸುತ್ತಾರೆ. ಬಯಲಾಟಕ್ಕೂ ಪಗಡೆಗೂ ಮದುವೆ ಮಾಡಿದಂತೆ.

ಈ ಆಟದಲ್ಲಿ ಎಲ್ಲರಿಗೂ ಇಷ್ಟವಾದ ಪಾತ್ರ ಮಂತ್ರಗಾರನದು. ಕಟ್ಟಲು ಎಲ್ಲಕ್ಕಿಂತ ಕಷ್ಟದ್ದೂ ಅದೇ. ಮಂತ್ರದಿಂದ ಏನು ಬೇಕಾದರೂ ಆಗುವುದಾದರೆ ಆಟ ಅಲ್ಲಿಗೇ ಮುಗಿಯಿತು. ಅದಕ್ಕಾಗಿ ಆಟ ಕಟ್ಟಿದವರು ಮಿತಿ ಹಾಕಿದರು. ಮಂತ್ರಗಾರ ಬೆಳಿಗ್ಗೆ ತನ್ನ ಪುಸ್ತಕ ನೋಡಿ ಕೆಲವೇ ಮಂತ್ರ ಬಾಯಿಪಾಠ ಮಾಡಬೇಕು, ಒಮ್ಮೆ ಬಳಸಿದರೆ ಆ ಮಂತ್ರ ಅವನ ತಲೆಯಿಂದ ಅಳಿಸಿಹೋಗುತ್ತದೆ. ಜ್ಯಾಕ್ ವ್ಯಾನ್ಸ್ ಎಂಬ ಕಾದಂಬರಿಕಾರನಿಂದ ಪಡೆದ ಉಪಾಯ ಅದು. ಮುಂದಿನ ಆವೃತ್ತಿಗಳಲ್ಲಿ ಓದಿ ಕಲಿತವನು, ದೇವರು ಕೊಟ್ಟು ಪಡೆದವನು, ರಕ್ತದಲ್ಲೇ ಹೊತ್ತು ಹುಟ್ಟಿದವನು, ಯಾವುದೋ ಶಕ್ತಿಯೊಡನೆ ಕರಾರು ಮಾಡಿಕೊಂಡವನು ಎಂದು ಮಂತ್ರಗಾರರಲ್ಲಿ ಜಾತಿಗಳಾದವು. ಯಾರೂ ಕಂಡಿರದ ಹೊಸ ಬಗೆಯ ಮಂತ್ರಗಾರನನ್ನು ಕಟ್ಟುವುದು ಹೇಗೆ ಎಂದು ಆಟಗಾರರು ಇಂದಿಗೂ ತಲೆ ಕೆಡಿಸಿಕೊಳ್ಳುತ್ತಾರೆ.

1977ರಲ್ಲಿ ಬಂದ ಈ ಆಟದ ಭೂತಪ್ರಾಣಿಗಳ ಪುಸ್ತಕದಲ್ಲಿ ನಮ್ಮ ರಾಕ್ಷಸನಿಗೂ ಜಾಗ ಸಿಕ್ಕಿತು, ಅದೂ ಹುಲಿಯ ತಲೆ ಹೊತ್ತು, ಕಣ್ಕಟ್ಟು ಮಾಡಿ ಮನುಷ್ಯರನ್ನು ತಿನ್ನುವವನಾಗಿ. ಇವನಿಗೆ ಮನೆಯಿಲ್ಲ, ತಾಯಿಯಿಲ್ಲ, ತಮ್ಮನಿಲ್ಲ. ಕೊಂದರೆ ಆಯಿತು. ದೂರದವರು ಬರೆದದ್ದೆಂದು ನಕ್ಕುಬಿಡಬಹುದಿತ್ತು. ಆದರೆ ನಮ್ಮ ಊರಿನ ದಸರೆಯ ಪ್ರತಿಮೆಗಳೂ ಕ್ಯಾಲೆಂಡರಿನ ಚಿತ್ರಗಳೂ ಕೋರೆಹಲ್ಲು ಬಿಡಿಸುವಾಗ ಮಾಡುವುದು ಹೆಚ್ಚು ಕಡಿಮೆ ಇದನ್ನೇ.

ಮೇಜಿನ ಸುತ್ತ ಕೂತು ನಿಯಮ ಹಾಕಿಕೊಂಡು ಕಥೆ ಕಟ್ಟುವುದು ಮಾತ್ರ ಅಮೆರಿಕದವರ ಸ್ವಂತದ್ದಲ್ಲ. ಎಂಟನೆಯ ಶತಮಾನದ ಹರಿಭದ್ರಸೂರಿ ಪ್ರಾಕೃತದಲ್ಲಿ ಬರೆದ 'ಧೂರ್ತಾಖ್ಯಾನ'ದಲ್ಲಿ ಐವರು ಠಕ್ಕರು ಉಜ್ಜಯಿನಿಯ ಹೊರಗಿನ ತೋಪಿನಲ್ಲಿ ಮಳೆಗೆ ಸಿಕ್ಕಿಬೀಳುತ್ತಾರೆ. ನಾಲ್ವರು ಗಂಡಸರು, ಐದನೆಯವಳು ಖಂಡಪಾನಾ ಎಂಬ ಹೆಂಗಸು. ಒಬ್ಬೊಬ್ಬರಿಗೂ ಐನೂರು ಅನುಚರರು. ಎಲ್ಲರಿಗೂ ಹಸಿವು. ಊಟ ಹಾಕಿಸುವವರು ಯಾರು? ಒಂದು ಪಂದ್ಯ ಕಟ್ಟುತ್ತಾರೆ. ಪ್ರತಿಯೊಬ್ಬರೂ ತಾವು ಕಂಡು ಅನುಭವಿಸಿದ್ದೆಂದು ಒಂದು ಕಥೆ ಹೇಳಬೇಕು. ಅದನ್ನು ಸುಳ್ಳೆಂದವನು ಎಲ್ಲರಿಗೂ ಊಟ ಹಾಕಿಸಬೇಕು. ಪುರಾಣ, ಭಾರತ, ರಾಮಾಯಣಗಳಿಂದ ಉದಾಹರಣೆ ಕೊಟ್ಟು ನಿಜವೆಂದು ತೋರಿಸಿದವನಿಗೆ ಏನೂ ಭಾರವಿಲ್ಲ. ಒಬ್ಬನಿಗಿಂತ ಒಬ್ಬ ಅಸಾಧ್ಯದ ಕಥೆ ಹೇಳುತ್ತ ಹೋಗುತ್ತಾನೆ, ಎಲ್ಲಕ್ಕೂ ಪುರಾಣದಲ್ಲಿ ಜೋಡಿ ಸಿಗುತ್ತದೆ. ಕೊನೆಗೆ ಖಂಡಪಾನಾ, 'ಗಾಳಿಗೆ ನನ್ನ ಬಟ್ಟೆಗಳು ಹಾರಿಹೋದವು, ಆಳುಗಳು ಓಡಿಹೋದರು. ಆ ಆಳುಗಳು ನೀವೇ, ನೀವು ಉಟ್ಟಿರುವುದು ನನ್ನ ಬಟ್ಟೆಗಳೇ' ಎಂಬರ್ಥದಲ್ಲಿ ಕಥೆ ಮುಗಿಸುತ್ತಾಳೆ. ಹೌದೆಂದರೆ ಅವಳ ಆಳಾಗಬೇಕು, ಅಲ್ಲವೆಂದರೆ ಊಟ ಹಾಕಿಸಬೇಕು. ಗಂಡಸರು ಸೋಲೊಪ್ಪಿದರು.

1944ರಲ್ಲಿ ಮುಂಬಯಿಯ ಸಿಂಘಿ ಜೈನ ಗ್ರಂಥಮಾಲೆಯಲ್ಲಿ ಜಿನವಿಜಯ ಮುನಿಗಳು ಈ ಕೃತಿ ಪ್ರಕಟಿಸಿದಾಗ ಅದಕ್ಕೆ ವಿಸ್ತಾರವಾದ ಅಧ್ಯಯನ ಬರೆದವರು ಆದಿನಾಥ ನೇಮಿನಾಥ ಉಪಾಧ್ಯೆ. ಚಿಕ್ಕೋಡಿ ತಾಲ್ಲೂಕಿನ ಸದಲಗಾದಲ್ಲಿ 1906ರಲ್ಲಿ ಹುಟ್ಟಿ, ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಪಾಠ ಹೇಳುತ್ತ, ಪ್ರಾಕೃತದ ಕಥಾಲೋಕವನ್ನು ವಿದ್ವತ್ತಿನ ಬೆಳಕಿಗೆ ತಂದವರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಹರಿಷೇಣನ 'ಬೃಹತ್ಕಥಾಕೋಶ', ಉದ್ದ್ಯೋತನನ 'ಕುವಲಯಮಾಲಾ' ಸಂಪಾದನೆಗಳೂ ಅವರವೇ. ಅವರ ಊರಿನವರಿಗೇ ಈ ಪುಸ್ತಕಗಳ ಹೆಸರು ಅಪರಿಚಿತವಾದರೆ ಆಶ್ಚರ್ಯವಿಲ್ಲ. ಕನ್ನಡದಲ್ಲಿ ಅವುಗಳನ್ನು ಜನಕ್ಕೆ ಮುಟ್ಟಿಸುವ ಕೆಲಸ ಸಾಲದಾಯಿತು.

ಧೂರ್ತಾಖ್ಯಾನದ ನಗೆಯ ಹಿಂದೆ ಒಂದು ಗಂಭೀರ ತಕರಾರಿದೆ. ಅಸಾಧ್ಯವನ್ನು ಹೇಳುವುದಕ್ಕೂ ಕ್ರಮ ಬೇಡವೇ ಎಂಬುದು. ಅದಕ್ಕಿಂತ ಹಿಂದೆ, ಪ್ರಾಕೃತದ ಅತ್ಯಂತ ಹಳೆಯ ಜೈನ ರಾಮಾಯಣವಾದ 'ಪಉಮಚರಿಯ'ದಲ್ಲಿ ವಿಮಲಸೂರಿಯೂ ಇದೇ ತಕರಾರು ಎತ್ತಿದ್ದ. ಕೋತಿಗಳು ಬಲಾಢ್ಯ ರಾಕ್ಷಸರನ್ನು ಕೊಂದದ್ದು ಹೇಗೆ, ಆರು ತಿಂಗಳು ಒಬ್ಬ ಮಲಗಿರುವುದೆಂದರೇನು ಎಂದು ಶ್ರೇಣಿಕ ರಾಜ ಗೌತಮ ಗಣಧರನನ್ನು ಕೇಳುತ್ತಾನೆ. ಉತ್ತರವಾಗಿ ಇಡೀ ಕಥೆ ಹೊಸದಾಗಿ ಬರುತ್ತದೆ. ರಾಕ್ಷಸ ಎಂಬುದು ಒಂದು ವಂಶದ ಹೆಸರು. ವಾನರ ಎಂದರೆ ಕಪಿಯ ಗುರುತನ್ನು ಬಾವುಟದಲ್ಲಿ ಹೊತ್ತ ಇನ್ನೊಂದು ವಂಶ. ರಾವಣನಿಗೆ ತಲೆ ಒಂದೇ. ಕೊರಳಲ್ಲಿದ್ದ ಹಾರದ ರತ್ನಗಳಲ್ಲಿ ಮುಖ ಒಂಬತ್ತಾಗಿ ಪ್ರತಿಫಲಿಸಿದ್ದರಿಂದ ದಶಮುಖನೆಂಬ ಹೆಸರು. ಹೀಗೆ ಒಂಬತ್ತು ತಲೆ ಕಳೆದ ಕವಿಗಳು ಅದೇ ಕೈಯಿಂದ ಸಾವಿರ ವಿದ್ಯೆ ಕೂಡಿಸಿದರಲ್ಲ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ವ್ಯತ್ಯಾಸ ಇಷ್ಟು: ತಲೆ ಹುಟ್ಟಿನಿಂದ ಬಂದದ್ದು, ವಿದ್ಯೆ ದುಡಿದು ಪಡೆದದ್ದು. ದುಡಿದದ್ದಕ್ಕೆ ಲೆಕ್ಕ ಇರುತ್ತದೆ, ಕಳೆದುಕೊಳ್ಳುವ ಭಯವೂ ಇರುತ್ತದೆ.

ಲೆಕ್ಕವನ್ನು ಶಾಸ್ತ್ರಕಾರರು ನಿಜವಾಗಿಯೂ ಇಟ್ಟರು. ಒಂಬತ್ತನೆಯ ಶತಮಾನದ ವೀರಸೇನಾಚಾರ್ಯನ 'ಧವಲಾ' ಟೀಕೆ ವಿದ್ಯೆಗಳನ್ನು ಮೂರಾಗಿ ವಿಂಗಡಿಸುತ್ತದೆ. ತಾಯಿಯ ಕಡೆಯಿಂದ ಬಂದದ್ದು ಜಾತಿವಿದ್ಯೆ, ತಂದೆಯ ಕಡೆಯಿಂದ ಬಂದದ್ದು ಕುಲವಿದ್ಯೆ, ಉಪವಾಸ ವ್ರತಗಳಿಂದ ತಾನೇ ಸಾಧಿಸಿದ್ದು ತಪೋವಿದ್ಯೆ. ಮೂಡುಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಕಾಪಿಟ್ಟ ತಾಳೆಗರಿಯ ಗ್ರಂಥ ಇದು. ಮೇಜಿನ ಆಟದವರು ರಕ್ತದ ಮಂತ್ರಗಾರ, ಓದಿದ ಮಂತ್ರಗಾರ ಎಂದು ಬೇರೆ ಮಾಡಲು ಕಾಲು ಶತಮಾನ ಹಿಡಿಯಿತು. ಇಲ್ಲಿ ತಾಯಿಯ ಪಾಲನ್ನೂ ತಂದೆಯ ಪಾಲನ್ನೂ ಬೇರೆ ಬೇರೆ ಖಾತೆಗೆ ಬರೆದದ್ದಾಗಿದೆ.

ವಿದ್ಯಾಧರರ ಮೂಲಕ್ಕೂ ಒಂದು ಕಥೆಯಿದೆ. ಪಂಪ 941ರಲ್ಲಿ ಮುಗಿಸಿದ 'ಆದಿಪುರಾಣ'ದಲ್ಲಿ ಅದು ಬರುತ್ತದೆ. ಆದಿದೇವ ರಾಜ್ಯ ಹಂಚಿ ತಪಸ್ಸಿಗೆ ನಿಂತ ಮೇಲೆ ನಮಿ, ವಿನಮಿ ಎಂಬ ಇಬ್ಬರು ಬಂದು ನಮ್ಮ ಪಾಲು ಎಲ್ಲಿ ಎಂದು ಹಟ ಹಿಡಿಯುತ್ತಾರೆ. ಮೌನದಲ್ಲಿರುವವನು ಏನು ಕೊಟ್ಟಾನು? ನಾಗರಾಜ ಧರಣೇಂದ್ರ ಬಂದು ಅವರಿಗೆ ವಿದ್ಯೆಗಳನ್ನು ಕೊಟ್ಟು, ವಿಜಯಾರ್ಧ ಪರ್ವತದ ಎರಡು ಸಾಲುಗಳ ಒಡೆತನ ಕೊಡುತ್ತಾನೆ. ದಕ್ಷಿಣಕ್ಕೆ 50 ನಗರ, ಉತ್ತರಕ್ಕೆ 60. ಆಸ್ತಿಯ ಪಾಲಿನಲ್ಲಿ ತಪ್ಪಿಹೋದವರಿಗೆ ಸಿಕ್ಕ ಪರಿಹಾರವೇ ಮಂತ್ರವಿದ್ಯೆ. ಹೊಲದ ಬದುವಿಗೆ ಕೋರ್ಟಿಗೆ ಅಲೆದವರಿಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ.

ಕೊಟ್ಟ ಧರಣೇಂದ್ರನೇ ಕಸಿದುಕೊಳ್ಳಲೂ ಬಲ್ಲ. ಧ್ಯಾನದಲ್ಲಿದ್ದ ಸಂಜಯಂತ ಮುನಿಗೆ ಕಾಟ ಕೊಟ್ಟ ವಿದ್ಯುದ್ದಂಷ್ಟ್ರನೆಂಬ ವಿದ್ಯಾಧರನ ವಿದ್ಯೆಗಳನ್ನು ಅವನು ಕಿತ್ತುಕೊಂಡ. ಮುನಿ ನಿಂತ ಜಾಗದ ಮೇಲೆ ವಿಮಾನ ಹಾರುವುದಿಲ್ಲ ಎಂಬುದು ಇನ್ನೊಂದು ಕಟ್ಟು. ಕೈಲಾಸದಲ್ಲಿ ವಾಲಿ ತಪಸ್ಸಿಗೆ ನಿಂತಿದ್ದಾನೆ. ಈ ಕಥೆಯಲ್ಲಿ ವಾಲಿ ಮರದ ಮರೆಯ ಬಾಣಕ್ಕೆ ಸಾಯುವುದಿಲ್ಲ, ರಾಜ್ಯ ಬಿಟ್ಟು ಮುನಿಯಾಗಿದ್ದಾನೆ. ಮೇಲೆ ಬಂದ ದಶಮುಖನ ವಿಮಾನ ತಟ್ಟನೆ ನಿಂತಿತು. ಸಿಟ್ಟಿಗೆದ್ದು ಸಾವಿರ ವಿದ್ಯೆಗಳನ್ನೂ ನೆನೆದು ಅವನು ಬೆಟ್ಟವನ್ನೇ ಎತ್ತಲು ಹೋದ. ಬೆಟ್ಟದ ಮೇಲಿನ ಬಸದಿಗಳು ಹಾಳಾದಾವೆಂದು ವಾಲಿ ಹೆಬ್ಬೆರಳಿನಿಂದ ಸ್ವಲ್ಪ ಒತ್ತಿದ. ಅಡಿಯಲ್ಲಿ ಸಿಕ್ಕವನು ಕೂಗಿಕೊಂಡ. ಆ ರವದಿಂದಲೇ ಅವನಿಗೆ ರಾವಣನೆಂಬ ಹೆಸರು. ತನ್ನ ಸಾವಿರ ವಿದ್ಯೆ ನಡೆಯದ ದಿನ ಹುಟ್ಟಿದ ಹೆಸರಿನಿಂದ ಲೋಕ ಅವನನ್ನು ಕರೆಯುತ್ತದೆ.

ಮಂತ್ರಕ್ಕೆ ಅಕ್ಷರಶುದ್ಧಿ ಬೇಕೆಂಬುದಕ್ಕೂ ಧವಲಾದಲ್ಲಿ ಒಂದು ಸೊಗಸಾದ ಪ್ರಸಂಗವಿದೆ. ಗಿರಿನಾರದ ಗುಹೆಯಲ್ಲಿದ್ದ ಧರಸೇನಾಚಾರ್ಯರಿಗೆ ವಯಸ್ಸಾಗಿದೆ. ತಮ್ಮಲ್ಲಿರುವ ಶ್ರುತಜ್ಞಾನ ಅಳಿಯುವ ಮೊದಲು ಯೋಗ್ಯರಿಗೆ ಕೊಡಬೇಕು. ದಕ್ಷಿಣದಿಂದ ಬಂದ ಇಬ್ಬರು ಮುನಿಗಳನ್ನು ಪರೀಕ್ಷಿಸಲು ಒಬ್ಬೊಬ್ಬರಿಗೆ ಒಂದೊಂದು ಮಂತ್ರ ಕೊಟ್ಟರು. ಒಂದರಲ್ಲಿ ಅಕ್ಷರ ಹೆಚ್ಚಿತ್ತು, ಇನ್ನೊಂದರಲ್ಲಿ ಕಡಿಮೆ. ಉಪವಾಸವಿದ್ದು ಜಪಿಸಿದಾಗ ದೇವತೆಗಳು ಪ್ರತ್ಯಕ್ಷರಾದರು. ಒಬ್ಬಳಿಗೆ ಹಲ್ಲು ಹೊರಗೆ ಚಾಚಿತ್ತು, ಇನ್ನೊಬ್ಬಳಿಗೆ ಒಂದೇ ಕಣ್ಣು. ಮುನಿಗಳು ಹೆದರಲಿಲ್ಲ, ಕೈಮುಗಿದು ವರವನ್ನೂ ಕೇಳಲಿಲ್ಲ. ದೇವತೆಗಳಿಗೆ ಅಂಗವಿಕಾರ ಇರುವುದಿಲ್ಲ, ಹಾಗಾದರೆ ತಪ್ಪು ಮಂತ್ರದಲ್ಲಿದೆ ಎಂದು ವ್ಯಾಕರಣ ಹಿಡಿದು ತಿದ್ದಿ ಮತ್ತೆ ಜಪಿಸಿದರು. ದೇವತೆಗಳು ಸಹಜ ರೂಪದಲ್ಲಿ ಬಂದರು. ಗುರುಗಳು ಆಗ ಪಾಠ ಆರಂಭಿಸಿದರು. ಆ ಇಬ್ಬರೇ ಪುಷ್ಪದಂತ ಮತ್ತು ಭೂತಬಲಿ. ಪುಷ್ಪದಂತ ಮುಂದೆ ನಮ್ಮ ಬನವಾಸಿಯ ನಾಡಿಗೆ ಬಂದು ಷಟ್ಖಂಡಾಗಮದ ಮೊದಲ ಸೂತ್ರಗಳನ್ನು ರಚಿಸಿದನೆಂದು ಪರಂಪರೆ ಹೇಳುತ್ತದೆ. ಕಾಗುಣಿತದ ತಪ್ಪಿಗೆ ದೇವತೆಗೆ ಒಂದು ಕಣ್ಣು ಹೋಗುವ ಕಥೆಯನ್ನು ಶಾಲೆಗಳಲ್ಲಿ ಯಾಕೆ ಹೇಳುವುದಿಲ್ಲವೋ!

ಕಥೆಯಲ್ಲಷ್ಟೇ ಅಲ್ಲ, ಕೈಪಿಡಿಯಾಗಿಯೂ ಈ ವಿದ್ಯೆ ಕರ್ನಾಟಕದಲ್ಲಿ ಬೆಳೆಯಿತು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟದಲ್ಲಿ, ಅಂದರೆ ಇಂದಿನ ಮಳಖೇಡದಲ್ಲಿ, 939ರಲ್ಲಿ ಇಂದ್ರನಂದಿ 'ಜ್ವಾಲಿನೀಕಲ್ಪ' ಮುಗಿಸಿದ. ಮಂತ್ರ ಹಿಡಿಯಲು ಯಾರು ಅರ್ಹರು, ಯಾರು ಅಲ್ಲ ಎಂಬುದರಿಂದ ಹಿಡಿದು ಗ್ರಹಗಳ ಲಕ್ಷಣ, ಮಂಡಲ ಬರೆಯುವ ಬಗೆ ಎಲ್ಲವೂ ಅದರಲ್ಲಿದೆ. ಹನ್ನೊಂದನೆಯ ಶತಮಾನದಲ್ಲಿ ಗದಗ ಹತ್ತಿರದ ಮುಳಗುಂದದ ಮಲ್ಲಿಷೇಣ 'ಭೈರವಪದ್ಮಾವತೀಕಲ್ಪ' ಬರೆದ. ನಿಪ್ಪಾಣಿ, ಚಿಕ್ಕೋಡಿ ಕಡೆ ಶುಕ್ರವಾರ ಪದ್ಮಾವತಿಗೆ ಉಡಿ ತುಂಬುವ ಹೆಂಗಸರಿಗೆ ಈ ಗ್ರಂಥದ ಹೆಸರು ಬೇಕಿಲ್ಲ. ಹರಕೆ ಅವರದು, ಚಕ್ರ ಯಂತ್ರಗಳು ಪಂಡಿತರವು.

ವಿಚಿತ್ರ ಮಂತ್ರಗಾರರನ್ನು ಹುಡುಕುವವರು ಇಬ್ಬರ ಮುಂದೆ ನಿಲ್ಲಬೇಕು. ಒಬ್ಬಳು ವಿಶಲ್ಯೆ. ಅವಳಿಗೆ ಒಂದು ಮಂತ್ರವೂ ಗೊತ್ತಿಲ್ಲ. ಹಿಂದಿನ ಜನ್ಮದಲ್ಲಿ ಕಾಡಿನಲ್ಲಿ ಒಬ್ಬಂಟಿಯಾಗಿ ತಪಸ್ಸು ಮಾಡಿ, ಹೆಬ್ಬಾವು ನುಂಗುವಾಗಲೂ ಅದಕ್ಕೆ ಕೇಡು ಬಯಸದೆ ಸತ್ತವಳು. ಈ ಜನ್ಮದಲ್ಲಿ ಅವಳು ಮಿಂದ ನೀರು ರೋಗ ಕಳೆಯುತ್ತದೆ. ರಾವಣನ ಶಕ್ತ್ಯಾಯುಧ ತಗಲಿ ಲಕ್ಷ್ಮಣ ಬಿದ್ದಾಗ ಅವಳನ್ನು ಕರೆತರುತ್ತಾರೆ. ಅವಳು ಹತ್ತಿರ ಬರುತ್ತಿದ್ದಂತೆ ಆ ಶಕ್ತಿ ಹೆಣ್ಣುರೂಪದಲ್ಲಿ ಅವನ ಎದೆಯಿಂದ ಹೊರಬಿದ್ದು ಓಡುತ್ತದೆ. ಹನುಮಂತ ಹಿಡಿದು ಕೇಳಿದರೆ, ಇವಳ ತಪಸ್ಸಿನ ತೇಜ ತನಗೆ ತಡೆಯದು ಎನ್ನುತ್ತದೆ.

ಇನ್ನೊಬ್ಬನು ಹೆಸರಿಲ್ಲದ ಮುನಿ. ಶ್ರುತದ ಹತ್ತನೆಯ ಪೂರ್ವಕ್ಕೆ ವಿದ್ಯಾನುಪ್ರವಾದ ಎಂದು ಹೆಸರು, ವಿದ್ಯೆಗಳೆಲ್ಲ ಇರುವುದು ಅದರಲ್ಲಿ. ಅದನ್ನು ಓದಿ ಮುಗಿಸಿದ ಮುನಿಯ ಮುಂದೆ 700 ಕಿರುವಿದ್ಯೆಗಳೂ 500 ಮಹಾವಿದ್ಯೆಗಳೂ ತಾವಾಗಿ ಬಂದು ನಿಂತು, ಏನಪ್ಪಣೆ ಎಂದು ಕೇಳುತ್ತವಂತೆ. ಆಸೆಪಟ್ಟವನು ಭಿನ್ನದಶಪೂರ್ವಿ, ಒಡೆದುಹೋದವನು. ಏನೂ ಬೇಡ ಎಂದವನು ಅಭಿನ್ನದಶಪೂರ್ವಿ. ನಮಸ್ಕಾರ ಸಲ್ಲುವುದು ಇವನಿಗೆ. ಸಾವಿರದ ಇನ್ನೂರು ಮಂತ್ರ ಕೈಯಲ್ಲಿದ್ದೂ ಒಂದನ್ನೂ ಬಳಸದ ಪಾತ್ರವನ್ನು ಯಾವ ಆಟಗಾರ ಕಟ್ಟಿಕೊಂಡಾನು?

ಮತ್ತೆ ರಾವಣನಿಗೆ ಬರಬೇಕು. ಲಕ್ಷ್ಮಣ ಬದುಕಿದ ಸುದ್ದಿ ಕೇಳಿ ಅವನು ಲಂಕೆಯ ಶಾಂತಿನಾಥನ ಬಸದಿಯಲ್ಲಿ ಬಹುರೂಪಿಣೀ ವಿದ್ಯೆಯ ಸಾಧನೆಗೆ ಕೂರುತ್ತಾನೆ. ಹಿಡಿಯಲು ಇದೇ ಸಮಯ ಎಂದು ಸಲಹೆ ಬಂದರೂ, ವ್ರತದಲ್ಲಿರುವವನ ಮೇಲೆ ಕೈಮಾಡಲು ರಾಮ ಒಪ್ಪುವುದಿಲ್ಲ. ವಾನರ ಕುಮಾರರು ಮಾತ್ರ ನುಗ್ಗಿ ರಂಪ ಮಾಡುತ್ತಾರೆ. ಮಂಡೋದರಿಯ ಮುಡಿ ಹಿಡಿದು ಗಂಡನ ಕಣ್ಣೆದುರಿಗೇ ಎಳೆದಾಡುತ್ತಾರೆ. ಈ ಸಲ ಯಕ್ಷನ ಮಾಯೆಯಲ್ಲ, ನಿಜ. ರಾವಣ ಅಲುಗಲಿಲ್ಲ. ವಿದ್ಯೆ ಸಿದ್ಧಿಸಿತು. ಭೀಮಾರಣ್ಯದಲ್ಲಿ ತಮ್ಮಂದಿರ ತಲೆ ಉರುಳಿದರೂ ಕದಲದ ಮನಸ್ಸಿಗೆ ಇದು ತಕ್ಕ ಮುಂದುವರಿಕೆ.

ಆ ವಿದ್ಯೆಯ ಹುಮ್ಮಸ್ಸಿನಲ್ಲಿ ಅವನು ನೇರ ಸೀತೆಯ ಬಳಿ ಹೋಗುತ್ತಾನೆ. ಇನ್ನು ರಾಮನಿಗೆ ಉಳಿವಿಲ್ಲ ಎಂಬ ಮಾತು ಕೇಳಿ ಅವಳು ಎಚ್ಚರ ತಪ್ಪಿ ಬೀಳುತ್ತಾಳೆ. ರಾವಣ ಮೊದಲ ಬಾರಿಗೆ ನಡುಗಿದ್ದು ಇಲ್ಲಿ. ಸುಮಾರು 1100ರ ಹೊತ್ತಿಗೆ ನಾಗಚಂದ್ರ 'ರಾಮಚಂದ್ರಚರಿತಪುರಾಣ'ದಲ್ಲಿ ಈ ಪಶ್ಚಾತ್ತಾಪವನ್ನು ಹಿಗ್ಗಿಸಿ ಬರೆದ. ಪ್ರೀತಿಯಿಂದ ಕೂಡಿದ್ದ ಇಬ್ಬರನ್ನು ಅಗಲಿಸಿದೆನಲ್ಲ ಎಂದು ಅವನ ರಾವಣ ಕರಗುತ್ತಾನೆ. ಈ ರಾವಣನನ್ನು ದುರಂತ ನಾಯಕನೆಂದು ಗುರುತಿಸಿ ಕನ್ನಡಿಗರ ಗಮನ ಸೆಳೆದವರು ಬಿ.ಎಂ. ಶ್ರೀಕಂಠಯ್ಯನವರು. ಸೀತೆಯನ್ನು ಒಪ್ಪಿಸಿಬಿಡಬೇಕೆಂದು ರಾವಣ ನಿಶ್ಚಯಿಸುತ್ತಾನೆ. ಆದರೆ ಈಗಲೇ ಒಪ್ಪಿಸಿದರೆ ಹೆದರಿದನೆನ್ನುತ್ತಾರೆ, ರಾಮಲಕ್ಷ್ಮಣರನ್ನು ಗೆದ್ದು ಸೆರೆಹಿಡಿದು ಆಮೇಲೆ ಕೊಡುತ್ತೇನೆ ಎಂದು ಯುದ್ಧಕ್ಕೆ ಹೊರಡುತ್ತಾನೆ. ಸಾವಿರ ವಿದ್ಯೆಗಳಲ್ಲಿ ಈ ಒಂದು ಗಂಟು ಬಿಡಿಸುವ ವಿದ್ಯೆ ಇರಲಿಲ್ಲ. ಕೋರೆಹಲ್ಲಿನ ರಾಕ್ಷಸನಿಗೆ ಇಂಥ ಗಂಟೇ ಬೀಳುವುದಿಲ್ಲ. ಮನುಷ್ಯನಿಗೆ ಮಾತ್ರ ಬೀಳುತ್ತದೆ.

ಯುದ್ಧದಲ್ಲಿ ಬಹುರೂಪಿಣಿ ತನ್ನ ಕೆಲಸ ಮಾಡಿತು. ಲಕ್ಷ್ಮಣ ಕಡಿದಷ್ಟೂ ತಲೆ, ಕಡಿದಷ್ಟೂ ತೋಳು ಹುಟ್ಟಿಬಂದವು. ದಣಿದ ರಾವಣ ಕೊನೆಗೆ ಚಕ್ರ ಎಸೆದ. ಅದು ಲಕ್ಷ್ಮಣನಿಗೆ ಬಲಬಂದು ಅವನ ಕೈಯಲ್ಲೇ ಕುಳಿತಿತು. ಅದೇ ಚಕ್ರದಿಂದ ರಾವಣ ಸತ್ತ. ಈ ಪುರಾಣದಲ್ಲಿ ಅವನನ್ನು ಕೊಲ್ಲುವವನು ರಾಮನಲ್ಲ.

ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಕೊಂದ ಲಕ್ಷ್ಮಣ, ಸತ್ತ ರಾವಣ ಇಬ್ಬರೂ ನರಕದಲ್ಲಿ ಹುಟ್ಟಿ ಅಲ್ಲಿಯೂ ಹೊಡೆದಾಡುತ್ತಾರೆ. ಸ್ವರ್ಗದಲ್ಲಿ ಹುಟ್ಟಿದ ಸೀತೆಯ ಜೀವ ಅಲ್ಲಿಗೆ ಇಳಿದುಬಂದು ಇಬ್ಬರಿಗೂ ಬುದ್ಧಿ ಹೇಳಿ ಜಗಳ ಬಿಡಿಸುತ್ತದೆ. ಆಮೇಲೆ ಎಷ್ಟೋ ಜನ್ಮ ಕಳೆದು ರಾವಣ ತೀರ್ಥಂಕರನಾಗುತ್ತಾನೆ. ಅವನ ಮಾತನ್ನು ಲೋಕಕ್ಕೆ ತಿಳಿಸುವ ಗಣಧರ, ಸೀತೆಯ ಜೀವ.